ನಂದಿ ದೇವಾಲಯದ 8ಕೆ ಸಾಕ್ಷ್ಯಚಿತ್ರ: ಯೂಟ್ಯೂಬ್‌ಗೆ, ಕಾಲೇಜಿನ ಟಿವಿಗೆ, ಸಂಗ್ರಹಕ್ಕೆ ಎಕ್ಸ್‌ಪೋರ್ಟ್ ಹೇಗಿರಬೇಕು?

ಪ್ರಶ್ನೆ: ನಂದಿತಪ್ಪಲು, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡು ಚಿತ್ರೀಕರಣ ಮತ್ತು ಎಡಿಟಿಂಗ್ ಕೆಲಸ ಮಾಡುತ್ತಿದ್ದೇನೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಶಿಲ್ಪಗಳನ್ನು ಕುರಿತು, ಬೇಕಾದ ಅನುಮತಿಗಳನ್ನು ಪಡೆದು, ಹದಿನಾಲ್ಕು ನಿಮಿಷಗಳ ಸಾಕ್ಷ್ಯಚಿತ್ರವೊಂದನ್ನು ಸಿದ್ಧಪಡಿಸಿದ್ದೇನೆ. ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಮೇಲಿನ ಸೂಕ್ಷ್ಮ ಕೆತ್ತನೆಯನ್ನು ಹತ್ತಿರದಿಂದ ತೋರಿಸುವುದೇ ಚಿತ್ರದ ಮುಖ್ಯ ಉದ್ದೇಶವಾದ್ದರಿಂದ ಆ ಭಾಗವನ್ನೆಲ್ಲ ಬಾಡಿಗೆಗೆ ತಂದ 8ಕೆ ಕ್ಯಾಮೆರಾದಲ್ಲಿ, ಸೆಕೆಂಡಿಗೆ 25 ಫ್ರೇಮ್‌ಗಳಂತೆ, 10 ಬಿಟ್ ಬಣ್ಣದ ಆಳದಲ್ಲಿ ಚಿತ್ರೀಕರಿಸಿದ್ದೇನೆ. ಪ್ರಾಕಾರ, ಶೃಂಗಿ ತೀರ್ಥ, ಊರಿನ ಬೀದಿ ಇವುಗಳ ದೃಶ್ಯಗಳು ನನ್ನ ಸ್ವಂತ 4ಕೆ ಕ್ಯಾಮೆರಾದವು. ಆರಂಭದಲ್ಲಿ ಬರುವ, ನಂದಿ ಬೆಟ್ಟದ ಮೇಲೆ ಮೋಡ ಸರಿದು ಸೂರ್ಯ ಮೂಡುವ ಟೈಮ್‌ಲ್ಯಾಪ್ಸ್ ಅನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದ ಛಾಯಾಚಿತ್ರಗಳಿಂದ ಜೋಡಿಸಿದ್ದೇನೆ. ಎಲ್ಲವೂ ಈಗ 7680×4320 ಅಳತೆಯ ಒಂದೇ ಟೈಮ್‌ಲೈನ್‌ನಲ್ಲಿವೆ.

ಈ ಚಿತ್ರ ಮೂರು ಕಡೆ ಹೋಗಬೇಕಾಗಿದೆ. ಮೊದಲನೆಯದು ಯೂಟ್ಯೂಬ್. ಎರಡನೆಯದು ಇಲ್ಲಿಯ ಕಾಲೇಜೊಂದರ ಸಭಾಂಗಣ; ಅಲ್ಲಿ 75 ಇಂಚಿನ 4ಕೆ ಟಿವಿ ಇದ್ದು, ಪೆನ್‌ಡ್ರೈವ್‌ನಲ್ಲಿ ಫೈಲ್ ತಂದುಕೊಡಿ ಎಂದಿದ್ದಾರೆ. ಮೂರನೆಯದು ನನ್ನದೇ ಸಂಗ್ರಹ. ಎಚ್.264 ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಆಯ್ಕೆ ಮಾಡಿ 8ಕೆ ಎಕ್ಸ್‌ಪೋರ್ಟ್ ಕೊಟ್ಟರೆ ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್ ಕೆಲಸ ಆರಂಭಿಸುವುದೇ ಇಲ್ಲ. 4ಕೆಗೆ ಇಳಿಸಿ ಸೆಕೆಂಡಿಗೆ 45 ಮೆಗಾಬಿಟ್ ಬಿಟ್‌ರೇಟ್ ಕೊಟ್ಟರೆ ಫೈಲ್ ಸಿದ್ಧವಾಗುತ್ತದೆ, ಆದರೆ 16 ಜಿಬಿ ಪೆನ್‌ಡ್ರೈವ್ ಪೂರ್ತಿ ಖಾಲಿ ಇದ್ದರೂ ಫೈಲ್ ದೊಡ್ಡದಾಯಿತೆಂದು ಕಂಪ್ಯೂಟರ್ ನಕಲು ಮಾಡಲು ಒಪ್ಪುವುದಿಲ್ಲ. ಇದೆಲ್ಲಕ್ಕಿಂತ ಮನಸ್ಸಿಗೆ ಕಿರಿಕಿರಿಯಾಗಿರುವುದು ಸೂರ್ಯೋದಯದ ಆಕಾಶ: ಕಿತ್ತಳೆಯಿಂದ ನೀಲಿಗೆ ನಯವಾಗಿ ತಿರುಗಬೇಕಾದ ಜಾಗದಲ್ಲಿ ಪಟ್ಟಿ ಪಟ್ಟಿಯಾಗಿ ಗೆರೆಗಳು ಕಾಣುತ್ತಿವೆ.

8ಕೆಯಲ್ಲಿಯೇ ಅಪ್‌ಲೋಡ್ ಮಾಡುವುದರಿಂದ ನಿಜವಾದ ಪ್ರಯೋಜನವಿದೆಯೇ? ಕೋಡೆಕ್ ಯಾವುದು, ಬಿಟ್‌ರೇಟ್ ಎಷ್ಟು, ಸಂಗ್ರಹಕ್ಕೆ ಯಾವ ರೂಪ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ಕಲ್ಪತರು ಎಡಿಟ್, ತುಮಕೂರು

ನಮಸ್ಕಾರ ಸರ್. ನಿಮ್ಮ ಮೂರು ಗುರಿಗಳಿಗೆ ಮೂರು ಬೇರೆ ಬೇರೆ ಫೈಲ್‌ಗಳನ್ನು ಮಾಡಿಕೊಳ್ಳಬೇಕೇ ಹೊರತು ಒಂದೇ ಫೈಲ್ ಮೂರಕ್ಕೂ ಸರಿಹೋಗುವಂತೆ ಸೆಟ್ಟಿಂಗ್ ಹುಡುಕಬಾರದು. ಯೂಟ್ಯೂಬ್‌ಗೆ ಕಳಿಸುವ ಫೈಲನ್ನು ನೋಡುಗರು ಎಂದೂ ನೋಡುವುದಿಲ್ಲ. ಅದನ್ನು ಅವರ ಸರ್ವರ್ ಬಿಚ್ಚಿ, ಪುನಃ ಬೇರೆ ಬೇರೆ ಅಳತೆಗಳಿಗೆ ಕುಗ್ಗಿಸಿ, ಆ ಹೊಸ ಪ್ರತಿಗಳನ್ನು ಜನರಿಗೆ ಕೊಡುತ್ತದೆ. ಟಿವಿಗೆ ಕೊಡುವ ಫೈಲನ್ನು ಓದುವುದು ಅದರೊಳಗಿನ ಒಂದು ಚಿಪ್, ಅದಕ್ಕೆ ಗೊತ್ತಿರುವ ಕೋಡೆಕ್‌ಗಳು ಬೆರಳೆಣಿಕೆಯಷ್ಟು. ಸಂಗ್ರಹದ ಫೈಲನ್ನು ಮುಂದೊಂದು ದಿನ ನೀವೇ ತೆರೆದು ಮತ್ತೆ ಕತ್ತರಿಸಿ ಬಣ್ಣ ತಿದ್ದುತ್ತೀರಿ. ಈ ಮೂವರು ಓದುಗರಿಗೆ ಬೇಕಾದದ್ದು ಬೇರೆ ಬೇರೆ.

ಮೊದಲು 8ಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. 7680×4320 ಎಂದರೆ ಒಂದು ಫ್ರೇಮಿಗೆ 3,31,77,600 ಪಿಕ್ಸೆಲ್. 3840×2160ರ 4ಕೆಗೆ 82,94,400, ಅಂದರೆ ಸರಿಯಾಗಿ ಕಾಲು ಭಾಗ. ನಿಮ್ಮ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಳತೆ ಸಾಮಾನ್ಯವಾಗಿ 6000×4000 ಇರುತ್ತದೆ. 16:9ಕ್ಕೆ ಕತ್ತರಿಸಿದಾಗ ಉಳಿಯುವುದು 6000×3375. ಅದನ್ನು 8ಕೆ ಚೌಕಟ್ಟಿಗೆ ತುಂಬಿಸಬೇಕಾದರೆ ಅಗಲದಲ್ಲಿ ಶೇ 28ರಷ್ಟು ಎಳೆದು ಹಿಗ್ಗಿಸಲೇಬೇಕು. ಟೈಮ್‌ಲ್ಯಾಪ್ಸ್ ನಿಜವಾದ 8ಕೆ ಆಗಬೇಕಾದರೆ 45 ಮೆಗಾಪಿಕ್ಸೆಲ್ ವರ್ಗದ ಕ್ಯಾಮೆರಾ ಬೇಕಾಗುತ್ತದೆ. ಪ್ರಾಕಾರದ 4ಕೆ ದೃಶ್ಯಗಳಂತೂ ಅಗಲದಲ್ಲೂ ಎತ್ತರದಲ್ಲೂ ಎರಡು ಪಟ್ಟು ಹಿಗ್ಗುತ್ತವೆ. ಹೀಗಾಗಿ ನಿಮ್ಮ ಚಿತ್ರದಲ್ಲಿ ಕೆತ್ತನೆಯ ಭಾಗ ಮಾತ್ರ 8ಕೆ, ಉಳಿದದ್ದು 8ಕೆ ಅಂಗಿ ತೊಟ್ಟಿರುವ 4ಕೆ.

ಇದನ್ನೇ 4ಕೆಗೆ ಇಳಿಸಿದರೆ ಲೆಕ್ಕ ತಿರುವುಮುರುವಾಗುತ್ತದೆ. ಟೈಮ್‌ಲ್ಯಾಪ್ಸ್‌ಗೆ ಪಿಕ್ಸೆಲ್‌ಗಳು ಹೆಚ್ಚಾಗಿಯೇ ಇರುತ್ತವೆ; ಕೆತ್ತನೆಯ ದೃಶ್ಯಗಳಲ್ಲಿ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುವುದರಿಂದ ಮಂಟಪದ ಮಬ್ಬುಗತ್ತಲೆಯಲ್ಲಿ ಬಂದಿರಬಹುದಾದ ನಾಯ್ಸ್ ಕಡಿಮೆಯಾಗುತ್ತದೆ, ಉಳಿಯ ಗುರುತುಗಳ ಅಂಚು ಚೊಕ್ಕವಾಗುತ್ತದೆ. ನೋಡುವ ದೂರದ ಮಾತನ್ನೂ ಹೇಳಬೇಕು. 75 ಇಂಚಿನ 4ಕೆ ಪರದೆಯಲ್ಲಿ ಒಂದು ಪಿಕ್ಸೆಲ್‌ನ ಎತ್ತರ ಸುಮಾರು 0.43 ಮಿಲಿಮೀಟರ್. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ಕಾಣಬಲ್ಲದು ಎಂದು ಹಿಡಿದರೆ, ಸುಮಾರು ಒಂದೂವರೆ ಮೀಟರಿಗಿಂತ ಹಿಂದೆ ಕುಳಿತವರಿಗೆ 4ಕೆಯ ಪಿಕ್ಸೆಲ್‌ಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲ. ಸಭಾಂಗಣದ ಮೊದಲ ಸಾಲು ಇದಕ್ಕಿಂತ ಹಿಂದೆಯೇ ಇರುತ್ತದೆ. ಟಿವಿ ಹೇಗೂ 4ಕೆ ಆಗಿರುವುದರಿಂದ ಅಲ್ಲಿಗೆ 8ಕೆ ಫೈಲ್ ಕೊಡುವ ಪ್ರಶ್ನೆಯೇ ಇಲ್ಲ.

ಇನ್ನು ಬಿಟ್‌ರೇಟ್. ಫೈಲಿನ ಗಾತ್ರವನ್ನು ನಿರ್ಧರಿಸುವುದು ಬಿಟ್‌ರೇಟ್ ಮತ್ತು ಅವಧಿ ಮಾತ್ರ. ರೆಸಲ್ಯೂಷನ್ ನೇರವಾಗಿ ಅಲ್ಲ. ಸೆಕೆಂಡುಗಳನ್ನು ಮೆಗಾಬಿಟ್‌ನಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಮೆಗಾಬೈಟ್ ಸಿಗುತ್ತದೆ. ನಿಮ್ಮ ಹದಿನಾಲ್ಕು ನಿಮಿಷ ಎಂದರೆ 840 ಸೆಕೆಂಡು; 45 ಮೆಗಾಬಿಟ್‌ನಲ್ಲಿ 4,725 ಮೆಗಾಬೈಟ್. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಜಾಗ ಎಷ್ಟೇ ಖಾಲಿ ಇರಲಿ. ನಿಮ್ಮ ಕಂಪ್ಯೂಟರ್ ನಕಲು ಮಾಡಲು ಒಪ್ಪದಿರುವುದಕ್ಕೆ ಇದೇ ಕಾರಣವಿರಬೇಕು.

ಯೂಟ್ಯೂಬ್ ತನ್ನ ಸಹಾಯಪುಟದಲ್ಲಿ 24ರಿಂದ 30 ಫ್ರೇಮ್‌ಗಳ ಸಾಧಾರಣ ವಿಡಿಯೊಗೆ ಸೂಚಿಸುವ ಬಿಟ್‌ರೇಟ್ 4ಕೆಗೆ 35ರಿಂದ 45 ಮೆಗಾಬಿಟ್, 8ಕೆಗೆ 80ರಿಂದ 160 ಮೆಗಾಬಿಟ್. ಇದು ಶಿಫಾರಸೇ ಹೊರತು ಮಿತಿಯಲ್ಲ. ಮಿತಿಯಿರುವುದು 256 ಜಿಬಿ ಅಥವಾ 12 ಗಂಟೆಗೆ, ಎರಡರಲ್ಲಿ ಕಡಿಮೆಯಾದದ್ದಕ್ಕೆ. ಅವರು ಹೇಗೂ ಮತ್ತೊಮ್ಮೆ ಕುಗ್ಗಿಸುವುದರಿಂದ ನಾವು ಸ್ವಲ್ಪ ಧಾರಾಳವಾಗಿ ಕೊಡುವುದೇ ಒಳ್ಳೆಯದು. ಕಲ್ಲಿನ ಮೇಲ್ಮೈ ಕುಗ್ಗಿಸುವಿಕೆಗೆ ಬಹಳ ಕಷ್ಟದ ವಸ್ತು. ಖಾಲಿ ಗೋಡೆಯ ಮುಂದೆ ಕುಳಿತು ಮಾತನಾಡುವವರ ದೃಶ್ಯಕ್ಕೆ 20 ಮೆಗಾಬಿಟ್ ಸಾಕಾಗುವಲ್ಲಿ, ಕ್ಯಾಮೆರಾ ನಿಧಾನವಾಗಿ ಕಂಬದ ಮೇಲೆ ಚಲಿಸುವಾಗ ಪ್ರತಿ ಫ್ರೇಮಿನಲ್ಲೂ ಸಾವಿರಾರು ಸಣ್ಣ ಅಂಚುಗಳು ಸ್ಥಳ ಬದಲಿಸುತ್ತವೆ; ಬಿಟ್ ಸಾಲದಿದ್ದರೆ ಎನ್‌ಕೋಡರ್ ಮೊದಲು ಅಳಿಸುವುದು ಆ ಉಳಿಯ ಗುರುತುಗಳನ್ನೇ.

ನನ್ನ ಸಲಹೆ: 3840×2160, ಎಚ್.265, 10 ಬಿಟ್ ಇರುವ ಮೇನ್ 10 ಪ್ರೊಫೈಲ್, ಎರಡು ಪಾಸ್‌ಗಳ ವೇರಿಯಬಲ್ ಬಿಟ್‌ರೇಟ್, ಸರಾಸರಿ 70 ಮೆಗಾಬಿಟ್. ಆಗ ಫೈಲ್ ಸುಮಾರು 7.35 ಜಿಬಿ ಆಗುತ್ತದೆ. ಅಪ್‌ಲೋಡ್ ವೇಗ 20 ಮೆಗಾಬಿಟ್ ಸಿಕ್ಕರೆ ಐವತ್ತು ನಿಮಿಷದೊಳಗೆ ಹೋಗುತ್ತದೆ. ಧ್ವನಿಗೆ ಎಎಸಿ, 48 ಕಿಲೋಹರ್ಟ್ಸ್, ಸ್ಟೀರಿಯೋ 384 ಕಿಲೋಬಿಟ್. ಬಣ್ಣಕ್ಕೆ ರೆಕ್ 709 (ಸಾಧಾರಣ ಎಚ್‌ಡಿ ವಿಡಿಯೊದ ಬಣ್ಣದ ಮಾನದಂಡ) ಎಂಬ ಟ್ಯಾಗ್. ಎಚ್‌ಡಿಆರ್ (ಬೆಳಕಿನ ಹೆಚ್ಚು ವ್ಯಾಪ್ತಿ ತೋರಿಸುವ ವಿಡಿಯೊ) ಎಂಬ ಕಡೆ ಗುರುತು ಹಾಕಬೇಡಿ. ಎಚ್‌ಡಿಆರ್ ಮಾನಿಟರ್ ಇಟ್ಟುಕೊಂಡು ಗ್ರೇಡಿಂಗ್ (ಬಣ್ಣ ತಿದ್ದುವ ಕೆಲಸ) ಮಾಡದ ಚಿತ್ರಕ್ಕೆ ಆ ಟ್ಯಾಗ್ ಹಾಕಿದರೆ ಟಿವಿಗಳಲ್ಲಿ ಬಣ್ಣ ಅಡ್ಡಾದಿಡ್ಡಿಯಾಗುತ್ತದೆ.

ಫ್ರೇಮ್ ದರ 25 ಇದ್ದದ್ದು 25 ಆಗಿಯೇ ಇರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪದ ಬೆಳಕಿನಲ್ಲಿ ಮಿಣುಕು ಬಾರದಿರಲಿ ಎಂದು ನೀವು 25 ಇಟ್ಟಿರುತ್ತೀರಿ. ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ಸಿದ್ಧವಾಗಿ ಸಿಗುವ ಪ್ರೀಸೆಟ್‌ಗಳು ಹಲವು ಸಲ 30ಕ್ಕೆ ಹೊಂದಿಸಿರುತ್ತವೆ. ಅದನ್ನು ಒತ್ತಿದರೆ ಸೆಕೆಂಡಿಗೆ ಐದು ಫ್ರೇಮ್‌ಗಳು ಎರಡೆರಡು ಬಾರಿ ಬಂದು, ಕಂಬಗಳ ಸಾಲಿನ ಮೇಲೆ ನಿಧಾನವಾಗಿ ಸಾಗುವ ದೃಶ್ಯಗಳು ತಡೆತಡೆದು ಓಡುತ್ತವೆ.

ನಿಮ್ಮ 8ಕೆ ಎನ್‌ಕೋಡರ್ ನಿಲ್ಲುವುದಕ್ಕೂ ಒಂದು ಸರಳ ಕಾರಣವಿದೆ. ಎಚ್.264 ಮಾನದಂಡ ಬಂದದ್ದು 2003ರಲ್ಲಿ. ನಂತರದ ಪರಿಷ್ಕರಣೆಗಳಲ್ಲಿ ಅದಕ್ಕೆ 8ಕೆ ಅಳತೆಯೂ ಸೇರಿತಾದರೂ ಗ್ರಾಫಿಕ್ಸ್ ಕಾರ್ಡ್‌ಗಳ ಎಚ್.264 ಎನ್‌ಕೋಡರ್‌ಗಳು ಸಾಮಾನ್ಯವಾಗಿ 4096 ಪಿಕ್ಸೆಲ್ ಅಗಲದಲ್ಲೇ ನಿಲ್ಲುತ್ತವೆ. 2013ರ ಎಚ್.265ರಲ್ಲಿ ಅದೇ ಕಾರ್ಡ್ 8192ರವರೆಗೆ ಹೋಗಬಹುದು. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶ ಬಳಸುವವರು ಇನ್ನೊಂದು ಮಾತು ನೆನಪಿಡಬೇಕು: ಅದರ ಉಚಿತ ಆವೃತ್ತಿಯ ಔಟ್‌ಪುಟ್ 3840×2160ಕ್ಕೆ ನಿಲ್ಲುತ್ತದೆ, 8ಕೆ ಬೇಕಾದರೆ ಹಣ ಕೊಟ್ಟ ಸ್ಟುಡಿಯೋ ಆವೃತ್ತಿಯೇ ಆಗಬೇಕು.

ಉತ್ತರ: ಅಂತರಗಂಗೆ ವಿಡಿಯೊ, ಕೋಲಾರ

ಕಲ್ಪತರು ಅವರ ಲೆಕ್ಕಗಳಲ್ಲಿ ತಪ್ಪಿಲ್ಲ. ಆದರೆ ಎರಡು ವಿಷಯಗಳಲ್ಲಿ ನನ್ನ ಅಭಿಪ್ರಾಯ ಬೇರೆ.

ಒಂದು, 8ಕೆಯನ್ನು ಅಷ್ಟು ಸುಲಭವಾಗಿ ಬದಿಗಿಡಬಾರದು. ಒಂದೂವರೆ ಮೀಟರ್ ದೂರದ ಲೆಕ್ಕ ಸಿನಿಮಾ ನೋಡುವವರಿಗೆ ಸರಿ. ಶಿಲ್ಪದ ಚಿತ್ರವನ್ನು ನೋಡುವವರಲ್ಲಿ ಒಂದು ಫ್ರೇಮ್ ನಿಲ್ಲಿಸಿ, ದೊಡ್ಡದು ಮಾಡಿ, ಬಳ್ಳಿಯ ಸುರುಳಿಯನ್ನೋ ಆಭರಣದ ವಿನ್ಯಾಸವನ್ನೋ ನೋಡುವ ವಿದ್ಯಾರ್ಥಿಗಳೂ ಸಂಶೋಧಕರೂ ಇರುತ್ತಾರೆ. ಅವರಿಗೆ ಕುಳಿತ ದೂರ ಮುಖ್ಯವಲ್ಲ, ಫ್ರೇಮಿನಲ್ಲಿ ಎಷ್ಟು ವಿವರ ಇದೆ ಎಂಬುದೇ ಮುಖ್ಯ. ಯೂಟ್ಯೂಬ್ 8ಕೆ ಅಪ್‌ಲೋಡ್‌ಗೆ 2015ರಿಂದಲೇ ಅವಕಾಶ ಕೊಟ್ಟಿದೆ. ಬಾಡಿಗೆ ಕೊಟ್ಟು ಕ್ಯಾಮೆರಾ ತಂದು ಚಿತ್ರೀಕರಿಸಿದ ಮೇಲೆ ಆ ವಿವರವನ್ನು ಯಾರಿಗೂ ತೋರಿಸದೆ ಹಾರ್ಡ್‌ಡಿಸ್ಕಿನಲ್ಲಿ ಮುಚ್ಚಿಡುವುದೇಕೆ?

ಎರಡು, ಟಿವಿಗೆ ಎಚ್.265 ಕೊಡುವ ಮುನ್ನ ಯೋಚಿಸಿ. ನಮ್ಮದು ಮದುವೆ, ಗೃಹಪ್ರವೇಶಗಳ ವಿಡಿಯೊ ಕೆಲಸ. ಫೈಲ್ ಯಾರ ಮನೆಯ ಯಾವ ಟಿವಿಯಲ್ಲಿ ಓಡಬೇಕು ಎಂಬುದು ನಮಗೆ ಮೊದಲೇ ಗೊತ್ತಿರುವುದಿಲ್ಲ. ಮಾಲೂರಿನಿಂದ ಮುಳಬಾಗಿಲಿನವರೆಗೆ ಎಲ್ಲ ಮನೆಗಳಲ್ಲೂ ತಕರಾರಿಲ್ಲದೆ ಓಡುವುದು ಎಂಪಿ4ರೊಳಗಿನ 8 ಬಿಟ್ ಎಚ್.264. ಎಚ್.265 ಅರ್ಧದಷ್ಟು ಬಿಟ್‌ರೇಟಿನಲ್ಲಿ ಹೆಚ್ಚುಕಡಿಮೆ ಅದೇ ಗುಣಮಟ್ಟ ಕೊಡುತ್ತದೆ ಎಂಬುದು ನಿಜ, ಆದರೆ ಸಭೆಯಲ್ಲಿ ಅಧ್ಯಕ್ಷರು ಬಂದು ಕುಳಿತ ಮೇಲೆ ಧ್ವನಿ ಮಾತ್ರ ಬಂದು ಚಿತ್ರ ಬಾರದಿದ್ದರೆ ಆ ಉಳಿತಾಯದಿಂದ ಏನು ಪ್ರಯೋಜನ?

ಬಿಟ್‌ರೇಟನ್ನು ಅಂಕಿಯಲ್ಲಿ ಕೊಡುವುದಕ್ಕಿಂತ ಸ್ಥಿರ ಗುಣಮಟ್ಟದ ವಿಧಾನ ನನಗೆ ಇಷ್ಟ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಎಕ್ಸ್264 (ಎಚ್.264ರ ಎನ್‌ಕೋಡರ್) ಆಯ್ಕೆ ಮಾಡಿ ಆರ್‌ಎಫ್ ಮೌಲ್ಯವನ್ನು 18ರ ಆಸುಪಾಸಿನಲ್ಲಿ ಇಟ್ಟರೆ ಕಷ್ಟದ ದೃಶ್ಯಕ್ಕೆ ಹೆಚ್ಚು ಬಿಟ್, ಸುಲಭದ ದೃಶ್ಯಕ್ಕೆ ಕಡಿಮೆ ಬಿಟ್ ತಾನಾಗಿ ಹಂಚಿಕೆಯಾಗುತ್ತದೆ. ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಫೈಲೂ ಬೆಳೆಯುತ್ತದೆ.

ಉತ್ತರ: ಕಲ್ಪತರು ಎಡಿಟ್, ತುಮಕೂರು

ಅಂತರಗಂಗೆ ಅವರ ಮೊದಲನೆಯ ಮಾತನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ಪೂರ್ತಿ ಚಿತ್ರವನ್ನು 8ಕೆ ಮಾಡಬೇಕಾಗಿಲ್ಲ. 120 ಮೆಗಾಬಿಟ್‌ನಲ್ಲಿ ಹದಿನಾಲ್ಕು ನಿಮಿಷಕ್ಕೆ 12.6 ಜಿಬಿ ಆಗುತ್ತದೆ, ಅದರಲ್ಲಿ ದೊಡ್ಡ ಪಾಲು ಹಿಗ್ಗಿಸಿದ ದೃಶ್ಯಗಳಿಗೇ ಖರ್ಚಾಗುತ್ತದೆ. ಕೆತ್ತನೆಯ ದೃಶ್ಯಗಳನ್ನಷ್ಟೇ ಆಯ್ದು, ಸಂಗೀತ ನಿರೂಪಣೆ ಏನೂ ಇಲ್ಲದೆ, ಪ್ರತಿ ದೃಶ್ಯವನ್ನೂ ಸಾಕಷ್ಟು ಹೊತ್ತು ನಿಲ್ಲಿಸಿ ಮೂರು ನಿಮಿಷದ ಪ್ರತ್ಯೇಕ 8ಕೆ ವಿಡಿಯೊ ಮಾಡಿ. ಅದೇ ಬಿಟ್‌ರೇಟಿನಲ್ಲಿ 2.7 ಜಿಬಿಯಲ್ಲಿ ಮುಗಿಯುತ್ತದೆ. ಅಧ್ಯಯನ ಮಾಡುವವರಿಗೆ ಕಥನದ ಚಿತ್ರಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಟಿವಿಯ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗಿಲ್ಲ. ಮದುವೆಯ ಫೈಲ್ ಯಾವ ಟಿವಿಗೆ ಹೋಗುತ್ತದೆಂದು ಗೊತ್ತಿಲ್ಲದಾಗ ಎಚ್.264 ಸರಿ. ಇಲ್ಲಿ ಟಿವಿ ಯಾವುದೆಂದು ಗೊತ್ತಿದೆ, ಹೋಗಿ ಪರೀಕ್ಷಿಸಲೂಬಹುದು. 4ಕೆ ಟಿವಿಗಳಲ್ಲಿ ಎಚ್.265 ಮೇನ್ 10 ಓದುವ ಚಿಪ್ ಇರುವುದೇ ವಾಡಿಕೆ. 10 ಬಿಟ್‌ನ ಎಚ್.264 ಅನ್ನು ಮಾತ್ರ ಹೆಚ್ಚಿನ ಟಿವಿಗಳು ಓದುವುದಿಲ್ಲ. ಆದ್ದರಿಂದ 10 ಬಿಟ್ ಬೇಕೆಂದರೆ ದಾರಿ ಎಚ್.265 ಒಂದೇ. ಸೂರ್ಯೋದಯದ ಆಕಾಶ ಇರುವ ಚಿತ್ರಕ್ಕೆ 10 ಬಿಟ್ ಬೇಕು.

ಸ್ಥಿರ ಗುಣಮಟ್ಟದ ವಿಧಾನ ಒಳ್ಳೆಯದೇ. ಎಚ್.265ರ ಎನ್‌ಕೋಡರ್ ಆದ ಎಕ್ಸ್265ರಲ್ಲಿ ಅದೇ ಅಂಕಿಗೆ ಅದೇ ಫಲ ಬರುವುದಿಲ್ಲ ಎಂಬುದು ನೆನಪಿರಲಿ: ಎಕ್ಸ್264ರ ಮೂಲ ಮೌಲ್ಯ 23, ಎಕ್ಸ್265ರದು 28. ಪೆನ್‌ಡ್ರೈವಿನ ಹಾಗೆ ಗಾತ್ರಕ್ಕೆ ಮಿತಿಯಿರುವ ಕಡೆ ಈ ವಿಧಾನ ಕೈಕೊಡುತ್ತದೆ, ಏಕೆಂದರೆ ಮುಗಿಯುವವರೆಗೂ ಫೈಲ್ ಎಷ್ಟಾಗುತ್ತದೆಂದು ತಿಳಿಯುವುದಿಲ್ಲ.

ಪ್ರತಿಕ್ರಿಯೆ: ನಂದಿತಪ್ಪಲು, ಚಿಕ್ಕಬಳ್ಳಾಪುರ

ಇಬ್ಬರಿಗೂ ಧನ್ಯವಾದಗಳು. ಪೂರ್ತಿ ಚಿತ್ರ 4ಕೆಯಲ್ಲಿ, ಕೆತ್ತನೆಯ ಭಾಗ ಮಾತ್ರ ಪ್ರತ್ಯೇಕವಾಗಿ 8ಕೆಯಲ್ಲಿ ಎಂಬುದು ಬಹಳ ಹಿಡಿಸಿತು, ಹಾಗೆಯೇ ಮಾಡುತ್ತೇನೆ. ಎಚ್.265ರಲ್ಲಿ ಒಂದು ನಿಮಿಷದ ತುಣುಕನ್ನು 8 ಬಿಟ್‌ನಲ್ಲೊಮ್ಮೆ 10 ಬಿಟ್‌ನಲ್ಲೊಮ್ಮೆ ತೆಗೆದು ಹೋಲಿಸಿ ನೋಡಿದೆ. ಕಂಬದ ನೆರಳಿನ ಭಾಗಗಳಲ್ಲಿ ವ್ಯತ್ಯಾಸ ಕಾಣುತ್ತದೆ, 10 ಬಿಟ್ ಸ್ಪಷ್ಟವಾಗಿ ಮೇಲು. ಆದರೆ ಟೈಮ್‌ಲ್ಯಾಪ್ಸ್‌ನ ಆಕಾಶದಲ್ಲಿ ಪಟ್ಟಿಗಳು ಎರಡರಲ್ಲೂ ಒಂದೇ ರೀತಿ ಇವೆ. ಛಾಯಾಚಿತ್ರಗಳನ್ನು ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಮತ್ತು ಜೆಪೆಗ್ ಎರಡರಲ್ಲೂ ತೆಗೆದಿದ್ದೆ. ಜೋಡಿಸುವಾಗ ಕಂಪ್ಯೂಟರಿಗೆ ಹಗುರವಾಗಲಿ ಎಂದು ಜೆಪೆಗ್‌ಗಳಿಂದ ಮೊದಲು ಒಂದು ಎಂಪಿ4 ಮಾಡಿ, ಅದನ್ನು ಟೈಮ್‌ಲೈನಿಗೆ ತಂದಿದ್ದೇನೆ. ಇದೇ ಕಾರಣವೇ? ಸಂಗ್ರಹದ ಬಗ್ಗೆಯೂ ದಯವಿಟ್ಟು ಹೇಳಿ. ಸದ್ಯಕ್ಕೆ ಖಾಲಿ ಇರುವುದು 1 ಟಿಬಿಯ ಒಂದು ಹಾರ್ಡ್‌ಡಿಸ್ಕ್.

ಉತ್ತರ: ಕಲ್ಪತರು ಎಡಿಟ್, ತುಮಕೂರು

ಹೌದು, ಪಟ್ಟಿಗಳು ಹುಟ್ಟಿದ್ದು ಅಲ್ಲಿಯೇ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1,024. ಆಕಾಶ ಚಿತ್ರದ 1,200 ಸಾಲುಗಳನ್ನು ಆವರಿಸಿದ್ದು, ಅಷ್ಟು ಜಾಗದಲ್ಲಿ ಬೆಳಕು ಬದಲಾಗುವುದು 8 ಬಿಟ್‌ನ ನಲವತ್ತು ಮೆಟ್ಟಿಲುಗಳಷ್ಟು ಎಂದುಕೊಳ್ಳಿ. ಆಗ ಒಂದೊಂದು ಪಟ್ಟಿಯೂ 30 ಸಾಲು ದಪ್ಪವಾಗಿ ಕಣ್ಣಿಗೆ ಬೀಳುತ್ತದೆ. ಅದೇ ಬದಲಾವಣೆ 10 ಬಿಟ್‌ನಲ್ಲಿ 160 ಮೆಟ್ಟಿಲಾಗಿ, ಪಟ್ಟಿ ಏಳೆಂಟು ಸಾಲಿಗೆ ಇಳಿದು, ಕಣ್ಣು ಅದನ್ನು ನಯವಾದ ಇಳಿಜಾರೆಂದೇ ಓದುತ್ತದೆ. ಜೆಪೆಗ್ 8 ಬಿಟ್‌ನದು. ಅದರಿಂದ ಮಾಡಿದ ಎಂಪಿ4 ಸಾಮಾನ್ಯವಾಗಿ 8 ಬಿಟ್‌ನದೇ, ಮೇಲಾಗಿ ಅಲ್ಲಿ ಮತ್ತೊಮ್ಮೆ ಕುಗ್ಗಿದೆ. ಸೂರ್ಯೋದಯದ ಕೆಂಪನ್ನು ಎತ್ತಿ ತೋರಿಸಲು ಗ್ರೇಡಿಂಗ್‌ನಲ್ಲಿ ಕಾಂಟ್ರಾಸ್ಟ್ ಏರಿಸಿದ್ದರೆ ಆ ಮೆಟ್ಟಿಲುಗಳ ನಡುವಿನ ಅಂತರ ಇನ್ನೂ ಅಗಲವಾಗಿರುತ್ತದೆ. ಕೊನೆಯ ಎಕ್ಸ್‌ಪೋರ್ಟ್‌ನಲ್ಲಿ 10 ಬಿಟ್ ಆರಿಸಿದ ಮಾತ್ರಕ್ಕೆ ಕಳೆದುಹೋದ ಮೆಟ್ಟಿಲುಗಳು ಹಿಂದೆ ಬರುವುದಿಲ್ಲ.

ರಾ ಫೈಲ್‌ಗಳು ನಿಮ್ಮಲ್ಲಿರುವುದು ದೊಡ್ಡ ಅದೃಷ್ಟ. ಕ್ಯಾಮೆರಾದ ರಾ ಸಾಮಾನ್ಯವಾಗಿ 12 ಅಥವಾ 14 ಬಿಟ್‌ನದು. 14 ಬಿಟ್ ಎಂದರೆ 16,384 ಮೆಟ್ಟಿಲು. ಅವುಗಳನ್ನು 16 ಬಿಟ್ ಟಿಫ್ ಚಿತ್ರಗಳಾಗಿ ಹೊರತೆಗೆದು, ಆ ಚಿತ್ರಸರಣಿಯನ್ನೇ ನೇರವಾಗಿ ಟೈಮ್‌ಲೈನಿಗೆ ತನ್ನಿ. ನಡುವೆ ಎಂಪಿ4 ಬೇಡ. ಜಾಗದ ಚಿಂತೆಯಿದ್ದರೆ ಮೊದಲೇ 4ಕೆ ಅಗಲಕ್ಕೆ ಇಳಿಸಿ ಟಿಫ್ ತೆಗೆಯಬಹುದು, ಏಕೆಂದರೆ ಈ ಭಾಗ 8ಕೆ ವಿಡಿಯೊದಲ್ಲಿ ಬರುವುದೇ ಇಲ್ಲ.

ಇಷ್ಟಾದರೂ ಯೂಟ್ಯೂಬ್ ಸಾಧಾರಣ ವಿಡಿಯೊದ ತನ್ನ ಪ್ರತಿಗಳನ್ನು 8 ಬಿಟ್‌ನಲ್ಲಿಯೇ ಮಾಡುವುದರಿಂದ ಅಲ್ಲಿ ಪಟ್ಟಿಗಳು ಸ್ವಲ್ಪಮಟ್ಟಿಗೆ ಮರಳಬಹುದು. ಅದಕ್ಕೆ ಹಳೆಯ ಉಪಾಯವೊಂದಿದೆ: ಆಕಾಶದ ಭಾಗಕ್ಕೆ ಮಾತ್ರ ಕಣ್ಣಿಗೆ ತಿಳಿಯದಷ್ಟು ತೆಳುವಾಗಿ ಫಿಲ್ಮ್ ಗ್ರೇನ್ ಹಾಕುವುದು. ಪಟ್ಟಿಯ ಅಂಚು ನೇರಗೆರೆಯಾಗಿ ಉಳಿಯದೆ ಚದುರಿಹೋಗುತ್ತದೆ. ಪೂರ್ತಿ ಚಿತ್ರಕ್ಕೆ ಹಾಕಬೇಡಿ. ಗ್ರೇನ್ ಕೂಡ ಬಿಟ್ ತಿನ್ನುತ್ತದೆ, ಆ ಬಿಟ್‌ಗಳು ನಿಮ್ಮ ಕಲ್ಲಿನ ಕೆತ್ತನೆಗೆ ಬೇಕು. ಇನ್ನೊಂದು ಮಾತು, ನಿಮ್ಮ ಮಾನಿಟರೇ 8 ಬಿಟ್‌ನದಾಗಿದ್ದರೆ ಫೈಲಿನಲ್ಲಿಲ್ಲದ ಪಟ್ಟಿಗಳೂ ಪರದೆಯ ಮೇಲೆ ಕಾಣಬಹುದು. ಅನುಮಾನ ಬಂದರೆ ಕಾಲೇಜಿನ ಟಿವಿಯಲ್ಲಿಯೇ ಹಾಕಿ ನೋಡಿ.

ಸಂಗ್ರಹಕ್ಕೆ ಎಚ್.264, ಎಚ್.265 ಎರಡೂ ಬೇಡ. ಇವು ಅಕ್ಕಪಕ್ಕದ ಫ್ರೇಮ್‌ಗಳನ್ನು ಒಂದಕ್ಕೊಂದು ಆತುಕೊಳ್ಳುವಂತೆ ಮಾಡಿ ಗಾತ್ರ ಉಳಿಸುತ್ತವೆ. ಮುಂದೆ ಮತ್ತೆ ಎಡಿಟ್ ಮಾಡಿ ಹೊರತೆಗೆದಾಗಲೆಲ್ಲ ಗುಣಮಟ್ಟ ಸವೆಯುತ್ತದೆ. ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಇಡುವ ಪ್ರೋರೆಸ್ 422 ಎಚ್‌ಕ್ಯೂ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂಎಕ್ಸ್ ಆರಿಸಿಕೊಳ್ಳಿ. ಪ್ರೋರೆಸ್ 422 ಎಚ್‌ಕ್ಯೂನಲ್ಲಿ 3840×2160, 25 ಫ್ರೇಮ್‌ಗೆ ಆಪಲ್ ಕೊಡುವ ಅಂಕಿ ಸೆಕೆಂಡಿಗೆ 737 ಮೆಗಾಬಿಟ್. ನಿಮ್ಮ ಚಿತ್ರಕ್ಕೆ ಸುಮಾರು 77 ಜಿಬಿ. 8ಕೆಗೆ ಸುಮಾರು ನಾಲ್ಕು ಪಟ್ಟು, ಅಂದರೆ ಪೂರ್ತಿ ಚಿತ್ರಕ್ಕೆ 310 ಜಿಬಿಯ ಆಸುಪಾಸು. 1 ಟಿಬಿ ಡಿಸ್ಕಿನಲ್ಲಿ 4ಕೆ ಮಾಸ್ಟರ್, ಮೂರು ನಿಮಿಷದ 8ಕೆ ಭಾಗದ ಮಾಸ್ಟರ್, ಎರಡೂ ಸೇರಿ 150 ಜಿಬಿಯೊಳಗೆ ಕುಳಿತುಕೊಳ್ಳುತ್ತವೆ. ಉಳಿದ ಜಾಗಕ್ಕೆ ಕ್ಯಾಮೆರಾದ ಮೂಲ ತುಣುಕುಗಳು, ರಾ ಚಿತ್ರಗಳು, ಪ್ರಾಜೆಕ್ಟ್ ಫೈಲ್, ಬಳಸಿದ ಫಾಂಟ್‌ಗಳು, ನಿರೂಪಣೆ ಮತ್ತು ಸಂಗೀತದ ಪ್ರತ್ಯೇಕ ಟ್ರ್ಯಾಕ್‌ಗಳು. ಮಾಸ್ಟರ್‌ಗಿಂತಲೂ ಕ್ಯಾಮೆರಾದ ಮೂಲ ತುಣುಕುಗಳೇ ಅಮೂಲ್ಯ. ಬಾಡಿಗೆ ಕ್ಯಾಮೆರಾದವನ್ನಂತೂ ಅಳಿಸಲೇಬೇಡಿ. ಡಿಸ್ಕ್ ಒಂದೇ ಇದ್ದರೆ ಅದನ್ನು ಸಂಗ್ರಹ ಎನ್ನಲಾಗದು. ಎರಡನೆಯದೊಂದನ್ನು ಕೊಂಡು, ಬೇರೆ ಕಟ್ಟಡದಲ್ಲಿ ಇರಿಸಿ.

ಉತ್ತರ: ರೇಷ್ಮೆಗೂಡು, ಶಿಡ್ಲಘಟ್ಟ

ಟಿವಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಶಾಲೆ ಕಾಲೇಜುಗಳ ಕಾರ್ಯಕ್ರಮಗಳಲ್ಲಿ ಪರದೆಯ ಜವಾಬ್ದಾರಿ ನೋಡಿಕೊಳ್ಳುವ ಕೆಲಸ ನನ್ನದು.

ಫ್ಯಾಟ್32ರ ಮಿತಿಯನ್ನು ದಾಟಲು ಎರಡು ದಾರಿಗಳಿವೆ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಬಹುದು, ಆದರೆ ಅದನ್ನು ಆ ಟಿವಿ ಓದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಇಲ್ಲವಾದರೆ ಎಚ್.265ರಲ್ಲಿ 35 ಮೆಗಾಬಿಟ್‌ಗೆ ಇಳಿಸಿ; 3.7 ಜಿಬಿ ಆಗುತ್ತದೆ, ಯಾವ ಪೆನ್‌ಡ್ರೈವಿನಲ್ಲಾದರೂ ಹಿಡಿಯುತ್ತದೆ, ಆ ದೂರದಿಂದ ನೋಡುವಾಗ ನಷ್ಟವೇನೂ ಕಾಣುವುದಿಲ್ಲ. ಜೊತೆಗೆ ಅಂತರಗಂಗೆ ಅವರು ಹೇಳಿದಂತೆ 8 ಬಿಟ್ ಎಚ್.264ರ ಇನ್ನೊಂದು ಪ್ರತಿಯನ್ನು ಅದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರಿ. ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಮೂಲಕ ತೋರಿಸುವುದಾದರೆ ಎಚ್‌ಡಿಎಂಐ 1.4 ಪೋರ್ಟ್ ಕೂಡ 4ಕೆಯನ್ನು 30 ಫ್ರೇಮ್‌ವರೆಗೆ ಕೊಡುತ್ತದೆ, ನಿಮ್ಮ 25ಕ್ಕೆ ಅದು ಸಾಕು. ಹೊಸ ಟಿವಿಗಳಲ್ಲಿ ಚಲನೆಯನ್ನು ನಯಗೊಳಿಸುವ ಸೌಲಭ್ಯ ಮೊದಲಿನಿಂದಲೇ ಚಾಲೂ ಇರುತ್ತದೆ, ಅದನ್ನು ನಿಲ್ಲಿಸಿ. ಕಂಬಗಳ ಸಾಲಿನ ಮೇಲೆ ಕ್ಯಾಮೆರಾ ಸಾಗುವಾಗ ಅದು ಕಂಬದ ಅಂಚುಗಳನ್ನು ಅಲುಗಾಡಿಸಿಬಿಡುತ್ತದೆ.

ನೀವು ಕೇಳದಿದ್ದರೂ ಹೇಳಬೇಕಾದದ್ದು ಕನ್ನಡ ಅಕ್ಷರಗಳ ವಿಷಯ. ಉಪಶೀರ್ಷಿಕೆಗಳನ್ನು ಪ್ರತ್ಯೇಕ ಎಸ್‌ಆರ್‌ಟಿ ಫೈಲಾಗಿ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಹಲವು ಟಿವಿಗಳು ಕನ್ನಡವನ್ನು ಚೌಕಗಳಾಗಿ ತೋರಿಸುತ್ತವೆ, ಇಲ್ಲವೇ ಒತ್ತಕ್ಷರಗಳನ್ನು ಬಿಡಿಸಿ ಹಾಕುತ್ತವೆ. ‘ನಂದೀಶ್ವರ’ ಎಂಬ ಹೆಸರೇ ಮುರಿದು ಕಾಣುತ್ತದೆ. ಟಿವಿಯ ಪ್ರತಿಗೆ ಉಪಶೀರ್ಷಿಕೆಗಳನ್ನು ಚಿತ್ರದ ಮೇಲೆಯೇ ಅಚ್ಚಾಗುವಂತೆ ಎಕ್ಸ್‌ಪೋರ್ಟ್ ಮಾಡಿ. ಯೂಟ್ಯೂಬ್ ಪ್ರತಿಗೆ ಹಾಗೆ ಮಾಡದೆ, ಯುಟಿಎಫ್-8ರಲ್ಲಿ ಉಳಿಸಿದ ಎಸ್‌ಆರ್‌ಟಿ ಫೈಲನ್ನೇ ಪ್ರತ್ಯೇಕವಾಗಿ ಸೇರಿಸಿ. ನೋಡುವವರು ಬೇಕಾದಾಗ ಹಾಕಿಕೊಳ್ಳುತ್ತಾರೆ, ಬೇಡವಾದಾಗ ತೆಗೆಯುತ್ತಾರೆ, ಕೆತ್ತನೆಯ ಮೇಲೆ ಅಕ್ಷರ ಬಂದು ಕೂರುವುದಿಲ್ಲ. ಶೀರ್ಷಿಕೆಗಳ ಪಠ್ಯವನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ನಂತರ ಟೈಮ್‌ಲೈನಿನಲ್ಲಿ ಪ್ರತಿ ಸಾಲನ್ನೂ ಒಮ್ಮೆ ಓದಿ ನೋಡಿ. ಕೆಲವು ಎಡಿಟಿಂಗ್ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ಆಯ್ಕೆಯನ್ನು ಪ್ರತ್ಯೇಕವಾಗಿ ಆರಿಸಬೇಕಾಗುತ್ತದೆ. ಅದನ್ನು ಮರೆತು ಎಕ್ಸ್‌ಪೋರ್ಟ್ ಕೊಟ್ಟರೆ ಚಿತ್ರ 8ಕೆ ಇದ್ದರೂ ಅಕ್ಷರ ತಪ್ಪಾಗಿಯೇ ಇರುತ್ತದೆ.

ಪ್ರತಿಕ್ರಿಯೆ: ನಂದಿತಪ್ಪಲು, ಚಿಕ್ಕಬಳ್ಳಾಪುರ

ಶೀರ್ಷಿಕೆಗಳನ್ನು ನುಡಿಯಲ್ಲಿಯೇ ಟೈಪ್ ಮಾಡಿಸಿದ್ದೆ, ಪರಿವರ್ತಿಸಿಕೊಳ್ಳುತ್ತೇನೆ. ರಾ ಚಿತ್ರಗಳಿಂದ ಟಿಫ್ ತೆಗೆಯುವ ಕೆಲಸ ಈಗ ನಡೆಯುತ್ತಿದೆ. ಮೊದಲು ಹೊರಬಂದ ಫ್ರೇಮ್‌ಗಳನ್ನು ಟೈಮ್‌ಲೈನಿಗೆ ತಂದು, ಗ್ರೇಡಿಂಗ್ ಹಾಗೆಯೇ ಉಳಿಸಿ ನೋಡಿದೆ. ಸೂರ್ಯನ ಸುತ್ತಲಿನ ಪಟ್ಟಿಗಳು ಹೋಗಿವೆ, ಮೇಲ್ಭಾಗದ ನೀಲಿಯಲ್ಲಿ ಮಾತ್ರ ಸ್ವಲ್ಪ ಉಳಿದಿದೆ. ಅಷ್ಟಕ್ಕೆ ಗ್ರೇನ್ ಸಾಕಾಗಬಹುದು. ಟಿವಿಯ ಮಾದರಿ ಸಂಖ್ಯೆಯನ್ನು ಕಾಲೇಜಿನವರಿಂದ ಕೇಳಿ ತರಿಸಿಕೊಂಡಿದ್ದೇನೆ. ಅದರ ಕೈಪಿಡಿಯಲ್ಲಿ ಎಚ್.265 ಮೇನ್ 10 ಇದೆ, ಎಕ್ಸ್‌ಫ್ಯಾಟ್ ಇಲ್ಲ, ಆದ್ದರಿಂದ 35 ಮೆಗಾಬಿಟ್‌ನ ಪ್ರತಿಯನ್ನೇ ಕೊಡುತ್ತೇನೆ.